ಹತ್ತೊಂಬತ್ತನೇ ಕಂತಿನ ಹಿಮ ಎಲ್ಲಿ?

ಹಳೆಯ ಅನಿಮೆ ಧಾರಾವಾಹಿಗಳ ಡಿಸ್ಕ್ ಬಿಡುಗಡೆ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನನ್ನ ಅಕ್ಕ ನಲವತ್ತೊಂದು ವರ್ಷಗಳ ಹಿಂದೆ ಕೈಯಾರೆ ಸುರಿಸಿದ ಹಿಮವನ್ನು ನೀವು ಒರೆಸಿ ಹಾಕಿದ್ದೀರಿ. ಒರೆಸಿದ್ದು ಸಾಲದೆಂದು ಅದನ್ನು ಕೊಳೆ ಎಂದು ಕರೆದಿದ್ದೀರಿ. ಕೊಳೆ ತೆಗೆದದ್ದಕ್ಕೆ ನಿಮ್ಮ ಬೆನ್ನನ್ನು ನೀವೇ ತಟ್ಟಿಕೊಂಡು, ಆ ಹೆಮ್ಮೆಯನ್ನು ಬಣ್ಣದ ಕಿರುಪುಸ್ತಕದಲ್ಲಿ ಅಚ್ಚು ಹಾಕಿಸಿ, ಡಿಸ್ಕ್‌ಗಳ ಜೊತೆ ಪೆಟ್ಟಿಗೆಯಲ್ಲಿಟ್ಟು ನಮಗೇ ಮಾರಿದ್ದೀರಿ. ಈಗ ಈ ತಿಂಗಳ ಕೊನೆಯೊಳಗೆ ಆ ಧಾರಾವಾಹಿಯ ಮೂಲ ಫಿಲ್ಮ್ ಸುರುಳಿಗಳನ್ನು ‘ವಿಲೇವಾರಿ’ ಮಾಡುತ್ತೀರಂತೆ. ಅದನ್ನು ನಿಲ್ಲಿಸಿ ಎಂದು ಕೇಳಲು ಈ ಪತ್ರ. ನಿಮ್ಮ ಕಚೇರಿಗೆ ಬರೆದ ಐದು ಪತ್ರಗಳಿಗೆ ಎರಡು ಹಾರಿಕೆ ಉತ್ತರಗಳು ಬಂದವು. ಆದ್ದರಿಂದ ಆರನೆಯದನ್ನು ಎಲ್ಲರೂ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಯಾರು ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರೋ ಕೆಲಸವಿಲ್ಲದ ಸಿನಿಮಾ ಹುಚ್ಚ ಎಂದು ನೀವು ಪುಟ ತಿರುಗಿಸಿಬಿಡಬಹುದು. ನಾನು ಕನ್ನಡಕದ ಅಂಗಡಿ ಇಟ್ಟವನು. ಮೂವತ್ತಾರು ವರ್ಷಗಳಿಂದ ಜನರ ಮೂಗಿನ ಮೇಲೆ ಗಾಜು ಬದಲಿಸುತ್ತ ‘ಇದರಲ್ಲಿ ಚೆನ್ನಾಗಿ ಕಾಣ್ತದಾ, ಅದರಲ್ಲಿ ಕಾಣ್ತಿತ್ತಾ’ ಎಂದು ಕೇಳುವುದೇ ನನ್ನ ಕಸುಬು. ಇಷ್ಟು ವರ್ಷಗಳಲ್ಲಿ ನಾನು ಕಲಿತದ್ದು ಒಂದೇ. ಸ್ಪಷ್ಟ ಎಂದರೆ ನುಣುಪು ಅಲ್ಲ, ಹೊಳಪೂ ಅಲ್ಲ. ಇರುವುದು ಇರುವ ಹಾಗೆ ಕಾಣುವುದು. ಕಣ್ಣ ಮುಂದೆ ಇಲ್ಲದ ಚುಕ್ಕೆ ತೇಲಿದರೆ ಅದೊಂದು ದೋಷ. ಇರುವ ಚುಕ್ಕೆ ಕಾಣದೆ ಹೋದರೆ ಅದು ಇನ್ನೂ ದೊಡ್ಡ ದೋಷ, ಅಂಥವರನ್ನು ನಾನು ಕನ್ನಡಕ ಕೊಡದೆ ನೇರವಾಗಿ ಕಣ್ಣಿನ ಆಸ್ಪತ್ರೆಗೆ ಕಳಿಸುತ್ತೇನೆ. ನಿಮ್ಮ ವಿಭಾಗವನ್ನು ಎಲ್ಲಿಗೆ ಕಳಿಸಬೇಕು ಎಂಬುದು ಗೊತ್ತಾಗುತ್ತಿಲ್ಲ.

ಧಾರಾವಾಹಿ ನಿಮಗೆ ಗೊತ್ತು, ಓದುಗರಿಗಾಗಿ ಹೇಳುತ್ತೇನೆ. ಬೆಟ್ಟಗಳ ನಡುವಿನ ಹಳ್ಳಿಗಳಿಗೆ ಕಾಗದ ಹಂಚುವ ಒಬ್ಬ ಅಂಚೆ ಹುಡುಗಿಯ ಕಥೆ, ಇಪ್ಪತ್ತಾರು ಕಂತು. ಕಂಪ್ಯೂಟರ್ ಕಾಲಿಡುವ ಮೊದಲಿನ ಅನಿಮೆ. ಪ್ರತಿ ಚಿತ್ರವನ್ನೂ ಕೈಯಲ್ಲಿ ಬರೆದು, ಪಾರದರ್ಶಕ ಹಾಳೆಯ ಮೇಲೆ ಬಣ್ಣ ತುಂಬಿ, ಒಂದೊಂದೇ ಹಾಳೆಯನ್ನು ಕ್ಯಾಮೆರಾದ ಕೆಳಗಿಟ್ಟು ಫಿಲ್ಮಿಗೆ ಇಳಿಸುತ್ತಿದ್ದರು. ಕಥೆ ಮತ್ತು ರೇಖೆಗಳು ಸಮುದ್ರದಾಚೆಯ ಸ್ಟುಡಿಯೊದಲ್ಲಿ ತಯಾರಾಗಿ, ಬಣ್ಣ ತುಂಬುವ, ಚಿತ್ರೀಕರಿಸುವ ಕೆಲಸ ಕಟ್ಟುಕಟ್ಟಾಗಿ ನಮ್ಮ ಊರಿಗೆ ಬರುತ್ತಿತ್ತು. ಅಚ್ಚಿನ ಮನೆಯೊಂದರ ಮೇಲಿನ ಮಹಡಿಯಲ್ಲಿ ಹದಿನಾಲ್ಕು ಮೇಜು, ಹದಿನಾಲ್ಕು ಹೆಂಗಸರು, ಮೂಲೆಯಲ್ಲೊಂದು ಕತ್ತಲೆ ಕೋಣೆ, ಅದರಲ್ಲಿ ಕ್ಯಾಮೆರಾ. ಆಗ ಇಪ್ಪತ್ತಾರರ ಹರೆಯದ ನನ್ನ ಅಕ್ಕನದು ಕಿಟಕಿಯಿಂದ ಎರಡನೆಯ ಮೇಜು. ಕಂತಿನ ಕೊನೆಯಲ್ಲಿ ಓಡುವ ಹೆಸರುಗಳ ಸಾಲಿನಲ್ಲಿ ಈ ಹದಿನಾಲ್ವರಲ್ಲಿ ಒಬ್ಬರ ಹೆಸರೂ ಇಲ್ಲ. ‘ಬಣ್ಣ: ಹೊರಗಿನ ನೆರವು’ ಎಂದಷ್ಟೇ ಇದೆ. ಅದಕ್ಕೂ ಅಕ್ಕ ತಕರಾರು ಮಾಡಿದವಳಲ್ಲ.

ಆ ಮಹಡಿಯಲ್ಲಿ ಧೂಳೆಂದರೆ ಆಜನ್ಮ ವೈರಿ. ಎಂಥ ಸೆಕೆಯಲ್ಲೂ ಫ್ಯಾನ್ ಹಾಕುವಂತಿರಲಿಲ್ಲ, ಹಾಕಿದರೆ ಧೂಳೆದ್ದು ಹಸಿ ಬಣ್ಣಕ್ಕೆ ಅಂಟಿಕೊಳ್ಳುತ್ತಿತ್ತು. ಬಾಗಿಲ ಸಂದಿಗೆ ಒದ್ದೆ ಬಟ್ಟೆ. ಕೈಗೆ ಹತ್ತಿಯ ಗ್ಲೌಸು, ಕುಂಚ ಹಿಡಿಯಲೆಂದು ಮೂರು ಬೆರಳುಗಳ ತುದಿ ಮಾತ್ರ ಕತ್ತರಿಸಿದ್ದು. ಹಾಳೆ ಕತ್ತಲೆ ಕೋಣೆಗೆ ಹೋಗುವ ಮೊದಲು ಮೇಲ್ವಿಚಾರಕಿಯ ಕಣ್ಣು ದಾಟಬೇಕು. ಆಕೆಗೆ ಹೆಂಗಸರು ಇಟ್ಟಿದ್ದ ಅಡ್ಡಹೆಸರು ಭೂತಗನ್ನಡಿ. ಒಂದು ಎಳೆ ಕೂದಲು, ಒಂದು ಕಣ ಕಂಡರೂ ಹಾಳೆ ವಾಪಸ್ಸು ಬರುತ್ತಿತ್ತು, ಬೈಗುಳದ ಸಮೇತ. ಅಂದರೆ, ಮಾನ್ಯರೇ, ಬೆವರು ಸುರಿಸುತ್ತ ದಿನವಿಡೀ ಧೂಳಿನ ಜೊತೆ ಹೋರಾಡಿದವರ ಕೆಲಸವನ್ನು ನೀವು ಧೂಳು ಎಂದಿರಿ. ಬೇರೆ ಯಾವ ಹೆಸರಿನಿಂದ ಕರೆದಿದ್ದರೂ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ಹತ್ತೊಂಬತ್ತನೇ ಕಂತಿನಲ್ಲಿ ಹುಡುಗಿ ಒಂದೇ ಒಂದು ಕಾಗದವನ್ನು ಎದೆಗವಚಿಕೊಂಡು ಹಿಮಗಾಳಿಯಲ್ಲಿ ಕಣಿವೆ ದಾಟುತ್ತಾಳೆ. ಸಮುದ್ರದಾಚೆಯಿಂದ ಬಂದ ಕಟ್ಟಿನಲ್ಲಿ ಹುಡುಗಿ ಇದ್ದಳು, ಬೆಟ್ಟ ಇತ್ತು, ಹಿಮ ಇರಲಿಲ್ಲ. ಒಂದು ಚೀಟಿ ಮಾತ್ರ: ‘ಹಿಮಗಾಳಿ, ಒಂದೂವರೆ ನಿಮಿಷ. ದಾರಿ ಕಾಣಬಾರದು.’ ಭೂತಗನ್ನಡಿ ಆ ಚೀಟಿಯನ್ನು ಅಕ್ಕನ ಮೇಜಿನ ಮೇಲಿಟ್ಟು ಹೋದರು. ನಮ್ಮೂರಲ್ಲಿ ಹಿಮ ಬೀಳುವುದಿಲ್ಲ. ಅಕ್ಕ ಅಲ್ಲಿಯವರೆಗೆ ಹಿಮವನ್ನು ಕಂಡವಳೇ ಅಲ್ಲ. ಆದರೂ ಮೂರು ವಾರ ಮನೆಯಲ್ಲಿ ಕಪ್ಪು ರಟ್ಟಿನ ಮೇಲೆ ಬಿಳಿ ಬಣ್ಣ ಸಿಡಿಸಿ ಸಿಡಿಸಿ ಅಭ್ಯಾಸ ಮಾಡಿದಳು. ಸಿಡಿಸಲು ಹಲ್ಲುಜ್ಜುವ ಬ್ರಷ್ಷು. ಹೊಸ ಬ್ರಷ್ಷಿನ ಕೂದಲು ಗಡಸು, ಹನಿ ದಪ್ಪವಾಗುತ್ತದೆ. ಬಳಸಿ ಸವೆದದ್ದೇ ಬೇಕು. ಹಾಗಾಗಿ ಮನೆಯಲ್ಲಿ ಯಾರ ಬ್ರಷ್ಷೂ ಉಳಿಯಲಿಲ್ಲ. ನಮ್ಮಪ್ಪ ಮೂರು ದಿನ ಬೆರಳಲ್ಲಿ ಹಲ್ಲುಜ್ಜಿಕೊಂಡು, ನಾಲ್ಕನೇ ದಿನ ಹೊಸ ಬ್ರಷ್ಷು ತಂದು ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡತೊಡಗಿದರು.

ಕೊನೆಗೆ ಅವಳು ಕಂಡುಕೊಂಡ ವಿಧಾನ ಇದು. ಹನ್ನೆರಡು ಪಾರದರ್ಶಕ ಹಾಳೆಗಳು, ಪ್ರತಿಯೊಂದರ ಮೇಲೂ ಬೇರೆ ಬೇರೆ ಸಿಡಿತ. ಕ್ಯಾಮೆರಾದವನಿಗೆ ಒಂದು ಪಟ್ಟಿ ಬರೆದುಕೊಟ್ಟಳು: ಒಂದಾದ ಮೇಲೆ ಏಳು, ಏಳಾದ ಮೇಲೆ ನಾಲ್ಕು, ನಾಲ್ಕಾದ ಮೇಲೆ ಹನ್ನೊಂದು, ಹೀಗೆ. ಯಾವ ಚುಕ್ಕೆಯೂ ಸತತ ಎರಡು ಚಿತ್ರಗಳಲ್ಲಿ ಒಂದೇ ಜಾಗದಲ್ಲಿ ಇರಬಾರದು. ಮೆಲ್ಲಗೆ ಬೀಳುವ ಹಿಮವಾದರೆ ಕಣ್ಣು ಅದನ್ನು ಹಿಂಬಾಲಿಸುತ್ತದೆ. ಬಿರುಗಾಳಿಯ ಹಿಮವನ್ನು ಹಿಂಬಾಲಿಸಲು ಕಣ್ಣಿಗೆ ಆಗಬಾರದು, ಆಗಲೇ ಎದೆ ಝಲ್ಲೆನ್ನುವುದು ಎಂದು ಅವಳ ತರ್ಕ. ಹುಡುಗಿಯ ಮುಖ ಹತ್ತಿರದಿಂದ ಕಾಣುವ ಕೊನೆಯ ಹತ್ತು ಸೆಕೆಂಡಿಗೆ ಬೇರೆಯೇ ನಾಲ್ಕು ಹಾಳೆ ಮಾಡಿದಳು. ಅವುಗಳಲ್ಲಿ ಹುಡುಗಿಯ ಕಣ್ಣುಗಳ ಜಾಗಕ್ಕೆ ಉಗುರಿನಷ್ಟು ಕಾಗದದ ಚೂರು ಮುಚ್ಚಿ ಬಣ್ಣ ಸಿಡಿಸಿದಳು. ಯಾಕೆ ಎಂದು ನಾನು ಕೇಳಿದ್ದೆ.

“ಪಾಪ, ಅವಳಿಗಾದ್ರೂ ದಾರಿ ಕಾಣ್ಲಿ ಕಣೋ,” ಎಂದಿದ್ದಳು.

ಆ ಕಂತು ಮುಗಿದ ಮೇಲೆ ಕೆಳಗಿನ ಅಚ್ಚಿನ ಮನೆಯಲ್ಲಿ ಗೋಡೆಗೆ ಬಿಳಿ ಹಾಸಿಗೆ ಬಟ್ಟೆ ಕಟ್ಟಿ, ಎಲ್ಲಿಂದಲೋ ಪ್ರೊಜೆಕ್ಟರ್ ತಂದು, ಹದಿನಾಲ್ಕು ಜನಕ್ಕೂ ಒಂದು ಸಲ ತೋರಿಸಿದರಂತೆ. ಹಿಮಗಾಳಿ ಶುರುವಾಯಿತು. ಜೀವಮಾನದಲ್ಲಿ ಯಾರನ್ನೂ ಹೊಗಳದ ಭೂತಗನ್ನಡಿ ಸೆರಗು ಹೊದ್ದುಕೊಂಡು, “ಯಾರಾದ್ರೂ ಆ ಬಾಗಿಲು ಹಾಕ್ರೇ, ಚಳಿ ಆಗ್ತಿದೆ,” ಎಂದರಂತೆ. ಅಕ್ಕ ನೋಡಿದ್ದು ಆ ಒಂದೇ ಸಲ. ಟಿವಿಯಲ್ಲಿ ಬರುವ ಹೊತ್ತಿಗೆ ಅವಳು ಕೆಲಸದಲ್ಲಿರುತ್ತಿದ್ದಳು. ಆಮೇಲೆ ಆ ಕೆಲಸ ನಿಂತಿತು, ಮಹಡಿ ಗೋದಾಮಾಯಿತು, ಅವಳು ಮದುವೆಯಾಗಿ, ಮಗಳನ್ನು ಹೆತ್ತು, ಶಾಲೆಯೊಂದರಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದಳು. ಆದರೆ ‘ಚಳಿ ಆಗ್ತಿದೆ’ ಎಂಬ ಆ ಮಾತನ್ನು ನಲವತ್ತು ವರ್ಷಗಳಲ್ಲಿ ಅವಳು ಹೇಳದ ಜಾಗವಿಲ್ಲ. ಬೀಗರ ಮನೆಯಲ್ಲಿ ಹೇಳಿದ್ದಾಳೆ, ಬಸ್ಸಿನಲ್ಲಿ ಹೇಳಿದ್ದಾಳೆ, ನನ್ನ ಅಂಗಡಿಯ ಬೆಂಚಿನ ಮೇಲೆ ಕುಳಿತು ಗುರುತು ಪರಿಚಯವಿಲ್ಲದ ಗಿರಾಕಿಗಳಿಗೂ ಹೇಳಿದ್ದಾಳೆ. ಭಾವ ಬದುಕಿದ್ದಾಗ ಆ ಕಥೆ ಶುರುವಾದೊಡನೆ ಟವೆಲ್ ಹೊದ್ದು ನಡುಗುತ್ತ ಅಣಕಿಸುತ್ತಿದ್ದರು.

ಈಗ ನಿಮ್ಮ ಪೆಟ್ಟಿಗೆಗೆ ಬರುತ್ತೇನೆ.

ಅಕ್ಕನ ಮಗಳು ಕಾಲೇಜಿನಲ್ಲಿ ಲೆಕ್ಕ ಕಲಿಸುತ್ತಾಳೆ. ಅಮ್ಮನ ಅರವತ್ತೇಳನೇ ಹುಟ್ಟುಹಬ್ಬಕ್ಕೆಂದು ನಿಮ್ಮ ‘ಅಧಿಕೃತ, ಸಂಪೂರ್ಣ, ಸಂಗ್ರಾಹಕರ ಆವೃತ್ತಿ’ಯನ್ನು ತರಿಸಿದಳು. ಮುಚ್ಚಳದ ಮೇಲೆ ಬಂಗಾರದ ಅಕ್ಷರ: ‘ಮೂಲ ನೆಗೆಟಿವ್‌ನಿಂದ, ಹಿಂದೆಂದೂ ಕಾಣದ ಸ್ಪಷ್ಟತೆಯಲ್ಲಿ.’ ಈ ಮಾತು ನಿಜ. ನಿಮ್ಮ ಡಿಸ್ಕಿನಲ್ಲಿ ಕಂಡದ್ದನ್ನು ನಾವ್ಯಾರೂ ಹಿಂದೆಂದೂ ಕಂಡಿರಲಿಲ್ಲ. ಮೊದಲ ಕಂತಿನಲ್ಲೇ ಎಲ್ಲರ ಮುಖಕ್ಕೂ ಮೇಣ ಬಳಿದಂತಿತ್ತು. ಫಿಲ್ಮಿನಲ್ಲಿ ಸಹಜವಾಗಿರುವ ಸಣ್ಣ ತರಿಯನ್ನು ಉಜ್ಜಿ ತೆಗೆಯುವ ಭರದಲ್ಲಿ ಅದರ ಜೊತೆಗಿದ್ದ ತೆಳು ಗೆರೆಗಳನ್ನೂ ಉಜ್ಜಿದ್ದೀರಿ. ಅಂಚೆ ಚೀಲದ ಹೊಲಿಗೆ ಮಾಯ. ಅಜ್ಜಿಯ ಕೆನ್ನೆಯ ಸುಕ್ಕು ಮಾಯ, ಆಕೆ ಈಗ ಮೊಮ್ಮಗಳ ತಂಗಿಯಂತೆ ಕಾಣುತ್ತಾಳೆ. ಹಳೆಯ ಟಿವಿಯ ಚೌಕಾಕಾರದ ಚಿತ್ರವನ್ನು ಇವತ್ತಿನ ಅಗಲ ಪರದೆಗೆ ತುಂಬಲು ಮೇಲೂ ಕೆಳಗೂ ಕೊಯ್ದಿದ್ದೀರಿ. ಅಂಚೆ ಮಾಸ್ತರರಿಗೆ ಇಡೀ ಧಾರಾವಾಹಿಯಲ್ಲಿ ಹಣೆಯೇ ಇಲ್ಲ. ಊರೂರು ನಡೆಯುವುದೇ ಕಥೆಯಾಗಿರುವ ಹುಡುಗಿಗೆ ಪಾದಗಳಿಲ್ಲ. ಸಂಜೆಯ ಆಕಾಶ ಯಾವ ಕಾರಣಕ್ಕೋ ಪಾಚಿಗಟ್ಟಿದೆ. ಇದನ್ನೆಲ್ಲ ನೋಡಿ ಒಪ್ಪಿಗೆ ಕೊಟ್ಟವರು ಯಾರು? ಅವರು ನೋಡಿದ್ದರೇ?

ಅಷ್ಟಾದರೂ ಅಕ್ಕ ಕೊರಗಲಿಲ್ಲ. ಗೋಡೆಯ ಬಣ್ಣ ಕಂಡರೆ “ಇದು ಮೂರನೇ ಮೇಜಿನವಳದ್ದು, ಯಾವಾಗ್ಲೂ ಒಂದು ಪಟ್ಟು ಗಾಢ ಹಾಕ್ತಿದ್ಲು” ಎಂದು ನಗುತ್ತಿದ್ದಳು. ಭಾನುವಾರಗಳ ಮಧ್ಯಾಹ್ನ ಊಟ ಮುಗಿಸಿ ಒಂದಿಷ್ಟು ಕಂತು ನೋಡುವುದು ಎಂದಾಯಿತು. ನಾಲ್ಕನೇ ಭಾನುವಾರ ಹತ್ತೊಂಬತ್ತನೆಯದು ಬಂತು. ಅಕ್ಕ ಅವತ್ತು ಬೆಳಗ್ಗಿನಿಂದಲೇ ಒಂದು ಕಡೆ ಕೂತಿರಲಿಲ್ಲ. ಪಕ್ಕದ ಮನೆಯ ದಂಪತಿಯನ್ನೂ ಕರೆದಿದ್ದಳು. ಕಿಟಕಿಯ ಪರದೆ ಎಳೆದು, ತನ್ನ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಸರಿಸಿಕೊಂಡಳು.

“ಈಗ ಬರತ್ತೆ, ಸುಮ್ನಿರಿ,” ಎಂದಳು. ಯಾರೂ ಮಾತಾಡುತ್ತಿರಲಿಲ್ಲ.

ಗಾಳಿಯ ಶಬ್ದ ಶುರುವಾಯಿತು. ಹುಡುಗಿ ಕಣಿವೆಗೆ ಕಾಲಿಟ್ಟಳು. ಮಾನ್ಯರೇ, ನಿಮ್ಮ ಡಿಸ್ಕಿನಲ್ಲಿ ಆ ಕಣಿವೆ ಎಷ್ಟು ಶುಭ್ರವಾಗಿದೆ ಎಂದರೆ ಅಲ್ಲಿ ಬಟ್ಟೆ ಒಣಹಾಕಬಹುದು. ದಾರಿ ಇಲ್ಲಿಂದ ಅಲ್ಲಿಯವರೆಗೂ ನಿಚ್ಚಳ. ಆ ನಿಚ್ಚಳ ದಾರಿಯಲ್ಲಿ ಹುಡುಗಿ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು, ಬಾಗಿ, ತಡವರಿಸಿ, ಮುಗ್ಗರಿಸಿ ಬೀಳುತ್ತಾಳೆ. “ಏನೂ ಕಾಣ್ತಿಲ್ಲ!” ಎಂದು ಕಿರುಚುತ್ತಾಳೆ. ಪಕ್ಕದ ಮನೆಯವರು ನಕ್ಕುಬಿಟ್ಟರು. ಅವರದೇನೂ ತಪ್ಪಿಲ್ಲ, ಯಾರಾದರೂ ನಗುತ್ತಾರೆ.

ಅಕ್ಕ ಒಂದೂವರೆ ನಿಮಿಷ ಅಲ್ಲಾಡಲಿಲ್ಲ. ಆಮೇಲೆ ಕೇಳಿದಳು, “ಸುರೀತಾ ಇತ್ತಲ್ಲ… ಎಲ್ಲಿ ಹೋಯ್ತು?”

“ಬೇರೆ ಕಂತಿರಬೋದಮ್ಮ,” ಎಂದಳು ಮಗಳು.

“ಇದೇ. ಹತ್ತೊಂಬತ್ತು.”

“ನಲವತ್ತು ವರ್ಷ ಆಯ್ತಲ್ಲಮ್ಮ. ನೆನಪು ಹಂಗೇ, ಕಲೆಸಿಹೋಗತ್ತೆ. ನೀನು ಮಾಡಿಟ್ಟಿದ್ದನ್ನ ಅವರು ಕೊನೇಲಿ ಹಾಕಿಲ್ವೇನೋ.”

“ಹಾಕಿದ್ರು ಕಣೆ. ನಾನು ನೋಡಿದೀನಿ. ಭೂತಗನ್ನಡಿ ಚಳಿ ಅಂದ್ರು…” ಎಂದು ಶುರು ಮಾಡಿ, ಅಷ್ಟಕ್ಕೇ ನಿಲ್ಲಿಸಿದಳು. ಆ ಮಾತನ್ನು ಅವಳು ಅರ್ಧಕ್ಕೆ ಬಿಟ್ಟದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

ಮಗಳು ಒಳ್ಳೆಯವಳು, ಅಮ್ಮನ ಮೇಲೆ ಪ್ರಾಣ ಇಟ್ಟವಳು. ಅದಕ್ಕೇ ಅವಳು ಮರುವಾರ ಗುಟ್ಟಾಗಿ ನನ್ನನ್ನು ಕೇಳಿದಳು, “ಮಾಮ, ಅಮ್ಮನ್ನ ಒಂದ್ಸಲ ಡಾಕ್ಟ್ರಿಗೆ ತೋರಿಸೋಣ್ವಾ? ಮರೆವಿನ ಕಾಯಿಲೆ ಹಿಂಗೇ ಶುರುವಾಗೋದಂತೆ.” ನಾನು ಬೇಡ ಎನ್ನುವುದರೊಳಗೆ ಅಕ್ಕ ತಾನೇ ಹೋಗಿ ತೋರಿಸಿಕೊಂಡು ಬಂದಿದ್ದಳು. ಡಾಕ್ಟರು ಮೂರು ವಸ್ತುಗಳ ಹೆಸರು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರಂತೆ, ಮೂರನ್ನೂ ಸರಿಯಾಗಿ ಹೇಳಿದಳಂತೆ. ಆದರೂ ಅವಳಿಗೆ ಸಮಾಧಾನವಾಗಲಿಲ್ಲ. ಇನ್ನೊಂದು ದಿನ ನನ್ನ ಅಂಗಡಿಯಲ್ಲಿ ಹಳೆಯ ಗಿರಾಕಿಯೊಬ್ಬರು, “ನಿಮ್ಮಕ್ಕ ಅನಿಮೇಲಿ ಹಿಮ ಮಾಡಿದ್ರಂತಲ್ಲ” ಎಂದು ಮಾತು ತೆಗೆದಾಗ ಬೆಂಚಿನ ಮೇಲಿದ್ದ ಅಕ್ಕ, “ಏನೋ ಬಣ್ಣ ತುಂಬ್ತಿದ್ವಿ ಅಷ್ಟೆ. ನಾನೇ ಸ್ವಲ್ಪ ಜಾಸ್ತಿ ಹೇಳ್ಕೊಂಡು ತಿರುಗಿದೀನಿ ಅನ್ಸತ್ತೆ,” ಎಂದಳು.

ಮಾನ್ಯರೇ, ನನಗೆ ಪಿತ್ತ ನೆತ್ತಿಗೇರಿದ್ದು ಆಗ. ನಿಮ್ಮ ಕಂತಿನಲ್ಲಿ ಹಿಮ ಇಲ್ಲದಿದ್ದರೆ ಅದು ನಿಮ್ಮ ಕೆಲಸದ ಹಣೆಬರಹ. ಆದರೆ ನಿಮ್ಮದು ‘ಅಧಿಕೃತ’. ಅಧಿಕೃತದಲ್ಲಿ ಇಲ್ಲ ಎಂದ ಮೇಲೆ ಅದು ಇರಲೇ ಇಲ್ಲ ಎಂದಾಗುತ್ತದೆ. ಮೊದಲು ನೆರೆಯವರು ನಗುತ್ತಾರೆ, ಆಮೇಲೆ ಹೆತ್ತ ಮಗಳು ಅನುಮಾನಿಸುತ್ತಾಳೆ, ಕೊನೆಗೆ ಮಾಡಿದವಳೇ ತಾನು ಮಾಡಿರಲಿಲ್ಲವೇನೋ ಎಂದುಕೊಳ್ಳುತ್ತಾಳೆ. ಒಬ್ಬ ಹೆಂಗಸು ಹೆಸರಿಲ್ಲದೆ, ಹೊಗಳಿಕೆಯಿಲ್ಲದೆ ಒಂದೂವರೆ ನಿಮಿಷದ ಹಿಮವನ್ನು ಮಾತ್ರ ತನ್ನದೆಂದು ಇಟ್ಟುಕೊಂಡಿದ್ದಳು. ನೀವು ಅವಳಿಂದ ಕಸಿದದ್ದು ಅದನ್ನು.

ನಾನು ನಿಮ್ಮ ಕಚೇರಿಗೆ ಬರೆದೆ. ಮೊದಲ ಉತ್ತರ: ‘ನಿಮ್ಮ ಟಿವಿಯ ಹೊಳಪನ್ನು ಸರಿಹೊಂದಿಸಿಕೊಳ್ಳಿ.’ ಎರಡನೆಯದು: ‘ಮೂಲದಲ್ಲಿಯೇ ಹಾಗಿದೆ. ಮೂಲಕ್ಕೆ ನಿಷ್ಠರಾಗಿರುವುದು ನಮ್ಮ ನೀತಿ.’ ಫೋನ್ ಮಾಡಿದೆ. ಗ್ರಾಹಕ ಸೇವೆಯ ಯುವತಿ ಬಹಳ ಮರ್ಯಾದೆಯಿಂದ ಮಾತಾಡಿದಳು.

“ಸರ್, ಚಿತ್ರ ಕಾಣ್ತಿದೆಯಾ?”

“ಕಾಣ್ತಿದೆಯಮ್ಮ. ಹಿಮ ಕಾಣ್ತಿಲ್ಲ.”

“ಅಂದ್ರೆ ಕ್ಲಿಯರ್ ಆಗಿ ಕಾಣ್ತಿದೆ ಅಲ್ವಾ ಸರ್?”

“ಕ್ಲಿಯರ್ ಆಗಿರಬಾರದು ಅಂತಾನೇ ನಾನು ಹೇಳ್ತಿರೋದು.”

ಆಚೆ ಕಡೆ ಕೀಬೋರ್ಡ್ ಒತ್ತುವ ಸದ್ದು. ಬಳಿಕ, “ಸರ್, ನಿಮ್ಮ ದೂರನ್ನ ಯಾವ ವಿಭಾಗದಲ್ಲಿ ಹಾಕ್ಲಿ? ‘ಚಿತ್ರ ಸ್ಪಷ್ಟವಾಗಿದೆ’ ಅನ್ನೋದಕ್ಕೆ ನಮ್ಮಲ್ಲಿ ದೂರಿನ ಆಯ್ಕೆ ಇಲ್ಲ ಸರ್,” ಎಂದಳು. ಆಕೆಯನ್ನು ನಾನು ಬಯ್ಯಲಿಲ್ಲ. ಆ ಆಯ್ಕೆಗಳ ಪಟ್ಟಿ ಬರೆದವರನ್ನು ಬಯ್ಯುತ್ತಿದ್ದೇನೆ.

ಸಾಕ್ಷಿ ಸಿಕ್ಕಿದ್ದು ನಿವೃತ್ತ ಬಸ್ ಕಂಡಕ್ಟರ್ ಒಬ್ಬರ ಹತ್ತಿರ. ಅವರನ್ನು ಎಲ್ಲರೂ ಟೇಪಣ್ಣ ಎನ್ನುತ್ತಾರೆ. ಆ ಕಾಲದಲ್ಲಿ ಟಿವಿಯಲ್ಲಿ ಬಂದದ್ದನ್ನೆಲ್ಲ ವಿಡಿಯೊ ಟೇಪಿಗೆ ತುಂಬಿಸಿಕೊಂಡ ಪುಣ್ಯಾತ್ಮ. ಅವರ ಕೋಣೆಯಲ್ಲಿ ಮಂಚದ ಕೆಳಗೂ ಟೇಪು, ಕಪಾಟಿನ ಮೇಲೂ ಟೇಪು; ಪ್ರತಿಯೊಂದರ ಬೆನ್ನಿಗೂ ಹಳೆಯ ಟಿಕೆಟ್ಟಿನ ಹಿಂಬದಿಯಲ್ಲಿ ಬರೆದು ಅಂಟಿಸಿದ ಚೀಟಿ. ಹತ್ತೊಂಬತ್ತನೇ ಕಂತು ಎರಡೇ ನಿಮಿಷದಲ್ಲಿ ಕೈಗೆ ಬಂತು. ನೀವು ಮೂಗು ಮುರಿಯುವಂಥ ಟೇಪು. ಚಿತ್ರ ನಡುಗುತ್ತದೆ, ಅಂಚು ಬಾಗುತ್ತದೆ, ಬಣ್ಣ ಒಂದರಿಂದೊಂದಕ್ಕೆ ಸೋರುತ್ತದೆ. ಗಾಳಿಯ ಶಬ್ದ ಶುರುವಾದೊಡನೆ ಆ ಹರಕು ಚಿತ್ರದ ತುಂಬ ಹಿಮ ಅಪ್ಪಳಿಸಿತು. ಹುಡುಗಿ ಎಲ್ಲಿದ್ದಾಳೆ ಎಂದು ನಾನು ಹುಡುಕಬೇಕಾಯಿತು. ನಾನು ಅಂಥ ಅಳುಬುರುಕನಲ್ಲ. ಆದರೆ ಅವತ್ತು ಟೇಪಣ್ಣ ಎದ್ದು ಹೋಗಿ ಲೋಟದಲ್ಲಿ ನೀರು ತಂದುಕೊಟ್ಟರು.

ಮಾರನೇ ದಿನ ಅಕ್ಕನನ್ನು, ಅವಳ ಮಗಳನ್ನು ಕರೆದುಕೊಂಡು ಹೋದೆ. ಏನು ಎಂದು ಹೇಳಿರಲಿಲ್ಲ. ಹಿಮ ಬಂದಾಗ ಅಕ್ಕ ಎದ್ದು ಪರದೆಯ ಹತ್ತಿರ ಹೋದಳು. “ನಿಲ್ಸಿ,” ಎಂದಳು. ಟೇಪಣ್ಣ ನಿಲ್ಲಿಸಿದರು. ಎಡಗಡೆ ಕೆಳಗೆ ಬಾಲವಿದ್ದ ಒಂದು ದಪ್ಪ ಚುಕ್ಕೆಯ ಮೇಲೆ ಬೆರಳಿಟ್ಟು, “ಇದು ಏಳನೇ ಹಾಳೆ. ಬ್ರಷ್ಷಿನ ಕೂದಲು ಉದುರಿ ಬಿದ್ದಿತ್ತು. ಭೂತಗನ್ನಡಿ ತೆಗಿ ಅಂದ್ರು, ನಾನು ಇರ್ಲಿ ಅಂದೆ. ಜಗಳಾನೇ ಆಗಿತ್ತು,” ಎಂದಳು. ಕೂದಲೆಳೆಯಷ್ಟು ಗೆರೆ ನಿಜವಾಗಿಯೂ ಅಲ್ಲಿತ್ತು. ಮಗಳು ಅಮ್ಮನ ತೋಳು ಹಿಡಿದು, “ತಪ್ಪಾಯ್ತಮ್ಮ,” ಎಂದಳು. ಅಕ್ಕ ಕೇಳಿಸಿಕೊಳ್ಳಲೇ ಇಲ್ಲ. “ಮುಂದೆ ಹಾಕಿ, ಕಣ್ಣು ತೋರಿಸ್ತೀನಿ,” ಎಂದು ಟೇಪಣ್ಣನಿಗೆ ದುಂಬಾಲು ಬಿದ್ದಿದ್ದಳು.

ಆಮೇಲೆ ನಿಮ್ಮ ಕಿರುಪುಸ್ತಕವನ್ನು ತೆಗೆದು ಸಾಲು ಸಾಲಾಗಿ ಓದಿದೆ. ಇಪ್ಪತ್ತೆರಡನೇ ಪುಟ: ‘ಇಡೀ ಸರಣಿಯಲ್ಲಿ ಅತಿ ಹೆಚ್ಚು ಹಾಳಾಗಿದ್ದದ್ದು ಹತ್ತೊಂಬತ್ತನೇ ಕಂತು. ಅದೊಂದರಿಂದಲೇ ಎರಡು ಲಕ್ಷಕ್ಕೂ ಹೆಚ್ಚು ಬಿಳಿ ಕೊಳೆ ಚುಕ್ಕೆಗಳನ್ನು ತೆಗೆಯಲಾಗಿದೆ.’ ಒಂದೇ ಕಂತಿನಲ್ಲಿ, ಅದರಲ್ಲೂ ಬರೀ ಒಂದೂವರೆ ನಿಮಿಷದಲ್ಲಿ, ಸರಿಯಾಗಿ ಗಾಳಿಯ ಶಬ್ದ ಶುರುವಾದಾಗ ಬಂದು, ಆ ಶಬ್ದ ನಿಂತಾಗ ಹೋಗುವಷ್ಟು ಶಿಸ್ತಿನ ಕೊಳೆಯನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ? ಹುಡುಗಿ ಏನೂ ಕಾಣುತ್ತಿಲ್ಲ ಎಂದು ಬಾಯಿ ಬಡಿದುಕೊಳ್ಳುವುದು ಯಾರ ಕಿವಿಗೂ ಬೀಳಲಿಲ್ಲವೇ?

ಬೀಳಲಿಲ್ಲ. ಯಾಕೆ ಬೀಳಲಿಲ್ಲ ಎಂದು ಈಗ ನನಗೆ ಗೊತ್ತು. ಈ ವಿಷಯವನ್ನು ನಾನು ಹಳೆಯ ಅನಿಮೆ ಪ್ರಿಯರ ಗುಂಪೊಂದರಲ್ಲಿ ಬರೆದ ಮೇಲೆ ನಿಮ್ಮ ವಿಭಾಗದಲ್ಲಿ ಹಿಂದೆ ಕೆಲಸ ಮಾಡುತ್ತಿದ್ದ ಒಬ್ಬಾಕೆ ಫೋನ್ ಮಾಡಿದರು.

“ಸರ್, ನಾವು ಸೌಂಡ್ ಹಾಕ್ಕೊಂಡು ಕೆಲಸ ಮಾಡಲ್ಲ. ಕಂತನ್ನ ತುಂಡು ತುಂಡು ಮಾಡಿ ಹಂಚ್ತಾರೆ. ಒಂದು ಫ್ರೇಮಲ್ಲಿ ಮಾತ್ರ ಇದ್ದು ಮುಂದಿನದ್ರಲ್ಲಿ ಇಲ್ಲದ ಚುಕ್ಕೆನೆಲ್ಲ ಮೆಷಿನ್ನು ಕೊಳೆ ಅಂತ ಗುರುತು ಹಾಕತ್ತೆ. ನಾವು ಒಪ್ಪಿಗೆ ಒತ್ತಬೇಕು. ಆ ತುಂಡು ನನ್ನ ಹತ್ರಾನೇ ಬಂದಿತ್ತು. ನನಗೆ ಹಿಮ ಅನ್ನಿಸ್ತು ಸರ್. ಮೇಲಿನವ್ರನ್ನ ಕೇಳ್ದೆ. ‘ಹಿಮ ಆದ್ರೆ ಕೆಳಗೆ ಬೀಳ್ಬೇಕು. ಇದು ಒಂದೊಂದು ಫ್ರೇಮಲ್ಲಿ ಒಂದೊಂದು ಕಡೆ ಇದೆ. ಕೊಳೇನೇ, ಒತ್ತಿ’ ಅಂದ್ರು. ಒತ್ತಿದೆ ಸರ್. ನಿಮ್ಮಕ್ಕಂಗೆ ಸಾರಿ ಹೇಳಿ.”

ಹೇಳಿದ್ದೇನೆ. ಮಾನ್ಯರೇ, ಕೇಳಿದಿರಲ್ಲ? ಹಿಮ ಗಾಳಿಗೆ ಸಿಕ್ಕಿ ದಿಕ್ಕು ತಪ್ಪಲಿ ಎಂದು ಅಕ್ಕ ಮೂರು ವಾರ ತಲೆ ಕೆಡಿಸಿಕೊಂಡು ಒಂದು ಉಪಾಯ ಹುಡುಕಿದಳು. ಆ ಉಪಾಯ ಚೆನ್ನಾಗಿ ಫಲಿಸಿದ್ದೇ ಅವಳ ತಪ್ಪಾಯಿತು. ಸೋಮಾರಿತನದಿಂದ ಒಂದೇ ಹಾಳೆಯನ್ನು ಮೇಲಿಂದ ಕೆಳಗೆ ಎಳೆದಿದ್ದರೆ ನಿಮ್ಮ ಯಂತ್ರ ಅದಕ್ಕೆ ಕೈಮುಗಿದು ದಾರಿ ಬಿಡುತ್ತಿತ್ತು. ನಾನು ಯಂತ್ರದ ಮೇಲೆ ಸಿಟ್ಟಾಗಿಲ್ಲ. ನನ್ನ ಅಂಗಡಿಯಲ್ಲೂ ಕಣ್ಣಿನ ನಂಬರ್ ತೋರಿಸುವ ಯಂತ್ರವಿದೆ. ಅದು ಚೀಟಿ ಕೊಟ್ಟ ಮೇಲೂ ನಾನು ಗಿರಾಕಿಯನ್ನು ಕೂರಿಸಿ ‘ಕಾಣ್ತದಾ’ ಎಂದು ಬಾಯಿಬಿಟ್ಟು ಕೇಳುತ್ತೇನೆ. ಅಷ್ಟು ಮಾಡದವನು ಅಂಗಡಿ ಮುಚ್ಚಬೇಕು. ನೀವು ಯಾರನ್ನು ಕೇಳಿದಿರಿ? ಶಬ್ದ ಹಾಕಿಕೊಂಡು, ಒಂದು ಸಲ, ಮೊದಲಿನಿಂದ ಕೊನೆಯವರೆಗೆ ಕಂತನ್ನು ನೋಡುವಷ್ಟು ಪುರುಸೊತ್ತು ನಿಮ್ಮ ಇಡೀ ವಿಭಾಗದಲ್ಲಿ ಒಬ್ಬರಿಗೂ ಇರಲಿಲ್ಲವೇ?

‘ಅದು ಬರೀ ಕಾರ್ಟೂನು, ಯಾರು ಗಮನಿಸುತ್ತಾರೆ’ ಎಂದು ನೀವು ಅಂದುಕೊಂಡಿದ್ದರೆ, ನೋಡಿ, ಗಮನಿಸಿದವರು ಇದ್ದೇವೆ. ‘ಹಳೆಯದನ್ನು ಹೊಸತರಂತೆ ಮಾಡಿದರೇ ಇಂದಿನವರು ನೋಡುವುದು’ ಎಂದು ವಾದಿಸುವಿರಾದರೆ, ಹೊಸತು ಬೇಕಾದವರಿಗೆ ಹೊಸತನ್ನೇ ತಯಾರಿಸಿ ಕೊಡಿ. ಇದನ್ನು ಕೊಳ್ಳುವವರು ಇದೇ ಬೇಕೆಂದು ಕೊಳ್ಳುತ್ತಾರೆ. ಇದರ ತರಿ, ಇದರ ಗೆರೆ, ಒಂದು ಪಟ್ಟು ಗಾಢವಾದ ಗೋಡೆ, ಎಲ್ಲ ಸಮೇತ.

ನಿಮ್ಮ ಡಿಸ್ಕು ಹಳ್ಳ ಹಿಡಿದರೆ ಹಿಡಿಯಲಿ, ಮೂಲ ಸುರುಳಿಯಲ್ಲಾದರೂ ಹಿಮ ಇದೆಯಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಆಗ ನಿಮ್ಮ ಪ್ರಕಟಣೆ ಬಂತು. ‘ಡಿಜಿಟಲ್ ಪ್ರತಿ ಪೂರ್ಣಗೊಂಡಿರುವುದರಿಂದ’ ಗೋದಾಮಿನ ಸುರುಳಿಗಳು ಅನಗತ್ಯವಂತೆ. ಯಾವ ಪ್ರತಿ ಪೂರ್ಣಗೊಂಡಿದೆ? ಹಣೆಯಿಲ್ಲದ್ದೋ, ಪಾದವಿಲ್ಲದ್ದೋ, ಹಿಮವಿಲ್ಲದ್ದೋ? ಆ ಸುರುಳಿಗಳು ಹೋದ ಮೇಲೆ ಉಳಿಯುವುದು ಟೇಪಣ್ಣನ ಮಂಚದ ಕೆಳಗಿನ ಒಂದು ಟೇಪು. ಅದು ಪ್ರತಿ ಸಲ ಹಾಕಿದಾಗಲೂ ಇನ್ನಷ್ಟು ಸವೆಯುತ್ತದೆ. ಅದನ್ನು ನಾಲ್ಕು ಸಲ ನೋಡಿದ ಮೇಲೆ ಅಕ್ಕನೇ ಸಾಕು ಎಂದಿದ್ದಾಳೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಸುರುಳಿಗಳನ್ನು ಮುಟ್ಟಬೇಡಿ. ಅವುಗಳಿಂದ ಇನ್ನೊಮ್ಮೆ, ಏನನ್ನೂ ಉಜ್ಜದೆ, ಏನನ್ನೂ ಕೊಯ್ಯದೆ ಪ್ರತಿ ತೆಗೆಯಿರಿ. ಹತ್ತೊಂಬತ್ತನೇ ಕಂತನ್ನು ಹಿಮದ ಸಮೇತ ಬಿಡುಗಡೆ ಮಾಡಿ, ಇಪ್ಪತ್ತೆರಡನೇ ಪುಟದ ಆ ಸಾಲು ತಪ್ಪು ಎಂದು ಅಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ.

ಇಲ್ಲಿಗೆ ಪತ್ರ ಮುಗಿಸಿ ಅಕ್ಕನಿಗೆ ಓದಿ ಹೇಳಿದೆ. ಅವಳು ಹೊಗಳುತ್ತಾಳೆ ಎಂದುಕೊಂಡಿದ್ದೆ.

“ಇಷ್ಟೊಂದು ಬೈಬೇಡ ಕಣೋ,” ಎಂದಳು. “ಅವ್ರಿಗೆ ಗೊತ್ತಾಗಿಲ್ಲ. ಪಕ್ಕದಲ್ಲಿ ಕೂತು ಹೇಳೋರು ಯಾರೂ ಇರ್ಲಿಲ್ಲ. ಒಂದು ಕೆಲಸ ಮಾಡು, ನಾನೇ ಬರ್ತೀನಿ ಅಂತ ಬರಿ. ನಿಜವಾದ ಧೂಳೂ ಇರತ್ತೆ ಅದರಲ್ಲಿ, ನಲವತ್ತು ವರ್ಷದ್ದು. ಅದನ್ನ ತೆಗೀಲೇಬೇಕು. ಯಾವುದು ಧೂಳು, ಯಾವುದು ಹಿಮ ಅಂತ ಒಂದೊಂದೇ ತೋರಿಸ್ತೀನಿ. ಎರಡು ಲಕ್ಷ ಆದ್ರೆ ಆಗ್ಲಿ, ನನಗೇನು ಬೇರೆ ಕೆಲಸ ಇದೆ?”

ನಾನು ಬರೆದುಕೊಳ್ಳುತ್ತಿದ್ದಂತೆ ಮತ್ತೆ ಹೇಳಿದಳು, “ಎತ್ತರದ ಕುರ್ಚಿ ಬೇಡ ಅಂತ ಸೇರ್ಸು. ಹತ್ತಿ ಕೂರೋಕೆ ಮಂಡಿ ಬಗ್ಗಲ್ಲ.”

ಮಾನ್ಯರೇ, ಆ ಮಹಡಿಯ ಹದಿನಾಲ್ಕು ಹೆಂಗಸರಲ್ಲಿ ಈಗ ಉಳಿದಿರುವವರು ಮೂವರು. ಒಬ್ಬರು ಹಾಸಿಗೆ ಹಿಡಿದಿದ್ದಾರೆ, ಇನ್ನೊಬ್ಬರಿಗೆ ನನ್ನ ಅಕ್ಕನ ಗುರುತೇ ಸಿಗುವುದಿಲ್ಲ. ಧೂಳು ಯಾವುದು, ಹಿಮ ಯಾವುದು ಎಂದು ಬೆರಳಿಟ್ಟು ಹೇಳಬಲ್ಲವಳು ಇವಳೊಬ್ಬಳೇ. ಅವಳು ಎರಡು ಜೊತೆ ಬಟ್ಟೆ ಮಡಚಿ ಚೀಲಕ್ಕೆ ಹಾಕಿಟ್ಟುಕೊಂಡಿದ್ದಾಳೆ. ಸುರುಳಿಗಳನ್ನು ಒಯ್ಯುವ ಲಾರಿಗೆ ನೀವು ದಿನ ಗೊತ್ತು ಮಾಡಿಯಾಗಿದೆ. ಅದಕ್ಕೂ ಮೊದಲಿನ ಒಂದು ದಿನವನ್ನು ಅವಳಿಗೆ ಗೊತ್ತು ಮಾಡಿ.

ಇಂತಿ,
ನಿಮ್ಮ ಪೆಟ್ಟಿಗೆಯನ್ನು ಎಸೆಯಲೂ ಆಗದೆ, ಮತ್ತೊಮ್ಮೆ ತೆರೆಯಲೂ ಮನಸ್ಸಾಗದೆ ಕೂತಿರುವ,
ಹಿಮ ಸುರಿಸಿದವಳ ತಮ್ಮ